ಮೊದಲು ತಕ್ಕಡಿಯನ್ನೇ ತೂಗಿ: ಮನೆಯಲ್ಲಿ ತುಂಬಿದ ರೈಫಲ್ ತೋಟಾಗಳು ಒಂದೇ ತೆರನಾಗಿವೆಯೇ ಎಂದು ತಿಳಿಯುವುದು ಹೇಗೆ

(ಉಪನ್ಯಾಸದ ಬರಹ ರೂಪ)

ಈ ಮಾತು ಅಮೆರಿಕದಲ್ಲಿದ್ದುಕೊಂಡು ಟಾರ್ಗೆಟ್ ಶೂಟಿಂಗ್ ಮಾಡುವ, ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವವರಿಗಾಗಿ. ಅಲ್ಲಿ ಸ್ವಂತ ಬಳಕೆಗೆ ರೀಲೋಡಿಂಗ್ ಮಾಡಲು ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರಲು ಹೊರಟರೆ ಬೇಕು. ರಾಜ್ಯದ ಮತ್ತು ಊರಿನ ನಿಯಮಗಳನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ.

ಇಲ್ಲಿ ಯಾವ ಮದ್ದು, ಎಷ್ಟು ಗ್ರೇನ್ (ಮದ್ದು, ಬುಲೆಟ್ಟು ತೂಗುವ ಸಣ್ಣ ಅಳತೆ) ಎಂಬ ಲೆಕ್ಕ ಸಿಗುವುದಿಲ್ಲ. ಅದು ಮದ್ದಿನ ಕಂಪನಿ ಅಚ್ಚು ಹಾಕಿಸಿದ ಮ್ಯಾನ್ಯುವಲ್‌ನಲ್ಲಿದೆ, ಅಲ್ಲಿಂದಲೇ ತೆಗೆದುಕೊಳ್ಳಬೇಕು, ಅಲ್ಲಿ ಹೇಳಿದ ಆರಂಭದ ಅಳತೆಯಿಂದಲೇ ಶುರು ಮಾಡಬೇಕು. ನಮ್ಮ ವಿಷಯ ಅದರ ನಂತರದ್ದು. ಐವತ್ತು ತೋಟಾ ತುಂಬಿ ಡಬ್ಬಿಯಲ್ಲಿ ಜೋಡಿಸಿದ್ದೀರಿ. ಐವತ್ತೂ ಒಂದೇ ಥರ ಇವೆ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ?

ಉದಾಹರಣೆಗೆ .308 ವಿಂಚೆಸ್ಟರ್ ಎಂಬ ರೈಫಲ್ ತೋಟಾ ತೆಗೆದುಕೊಳ್ಳೋಣ. ಎಫ್-ಕ್ಲಾಸ್ ಎಂಬ ದೂರದ ಗುರಿ ಸ್ಪರ್ಧೆಯ ಎಫ್-ಟಿಆರ್ ವಿಭಾಗದಲ್ಲಿ .223 ಮತ್ತು .308 ಎರಡಕ್ಕೇ ಅವಕಾಶ, ಹಾಗಾಗಿ 1000 ಗಜದಲ್ಲಿ ಇದರ ಜೊತೆ ಗುದ್ದಾಡಿದವರು ಬಹಳ ಮಂದಿ ಇದ್ದಾರೆ. ಆ ದೂರದ ಎಫ್-ಕ್ಲಾಸ್ ಟಾರ್ಗೆಟ್ಟಿನಲ್ಲಿ 10ರ ವೃತ್ತ 10 ಇಂಚು ಅಗಲ, ಅದರೊಳಗಿನ ಎಕ್ಸ್ ವೃತ್ತ 5 ಇಂಚು. 175 ಗ್ರೇನ್ ಬುಲೆಟ್ಟು ಸೆಕೆಂಡಿಗೆ 2650 ಅಡಿ ವೇಗದಲ್ಲಿ ಹೊರಟಿತು ಎಂದಿಟ್ಟುಕೊಂಡರೆ, ವೇಗದಲ್ಲಿ 10 ಅಡಿ ಹೆಚ್ಚುಕಡಿಮೆಯಾದಾಗ 1000 ಗಜದಲ್ಲಿ ಗುಂಡು ಸುಮಾರು ಮೂರೂವರೆ ಇಂಚು ಮೇಲೋ ಕೆಳಗೋ ಬೀಳುತ್ತದೆ. ಅದೇ 10 ಅಡಿ ವ್ಯತ್ಯಾಸ 100 ಗಜದಲ್ಲಿ ಅರ್ಧ ಮಿಲಿಮೀಟರಿನಷ್ಟು ಮಾತ್ರ. ಅಂದರೆ 100 ಗಜದಲ್ಲಿ ಒಂದೇ ತೂತಿನಲ್ಲಿ ಐದು ಗುಂಡು ಹೊಕ್ಕಿದ ಕಾಗದವನ್ನು ತೋರಿಸಿ "ನನ್ನ ತೋಟಾ ಬಹಳ ಸಮ" ಎಂದರೆ, ವೇಗದ ಬಗ್ಗೆ ಆ ಕಾಗದ ಏನನ್ನೂ ಹೇಳುತ್ತಿಲ್ಲ. ಹಾಗೆಯೇ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಚೆನ್ನಾಗಿ ತೋರಿಸಿತು ಎಂದ ಮಾತ್ರಕ್ಕೆ ಬುಲೆಟ್ಟು ನೇರ ಕೂತಿದೆ ಎಂದಾಗಲಿಲ್ಲ. ಒಂದೊಂದು ದೋಷವನ್ನು ಒಂದೊಂದು ಉಪಕರಣವೇ ಹಿಡಿಯಬೇಕು.

ಆ ಉಪಕರಣಗಳಿಂದಲೇ ಶುರು ಮಾಡಬೇಕಾಗಿದೆ. ತೋಟಾದಲ್ಲಿದೆ ಎಂದುಕೊಂಡ ಏರುಪೇರಿನಲ್ಲಿ ದೊಡ್ಡ ಪಾಲು ಅಳೆಯುವ ಸಾಧನದಲ್ಲೇ ಇರುತ್ತದೆ.

ಅಳತೆಯ ಅಳತೆ

ಮನೆಗಳಲ್ಲಿ ಇರುವ ಡಿಜಿಟಲ್ ತಕ್ಕಡಿ ಹೆಚ್ಚಾಗಿ ಸ್ಟ್ರೇನ್ ಗೇಜ್ ಬಗೆಯದು. 0.1 ಗ್ರೇನ್‌ವರೆಗೆ ತೋರಿಸುತ್ತದೆ. ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ. ಸ್ವಿಚ್ ಹಾಕಿದ ತಕ್ಷಣ ತೂಗಲು ಕೂರಬೇಡಿ, ಕನಿಷ್ಠ ಅರ್ಧ ಗಂಟೆ ಬಿಡಿ. ಮೇಜು ಅಲುಗಬಾರದು, ತಕ್ಕಡಿ ಮಟ್ಟವಾಗಿರಬೇಕು. ಫ್ಯಾನು, ಎಸಿ, ಹೀಟರಿನ ಗಾಳಿ ತಾಗಬಾರದು. ಮೊಬೈಲ್ ಫೋನು ಪಕ್ಕದಲ್ಲಿರಬಾರದು.

ಆಮೇಲೆ ಪರೀಕ್ಷೆ. ತುಂಬಲಿರುವ ಮದ್ದಿನ ತೂಕಕ್ಕೆ ಹತ್ತಿರವಾದ ತೂಕದ ಬಟ್ಟು ಬೇಕು. ಅನೇಕರು ತಕ್ಕಡಿಯ ಜೊತೆ ಬಂದ 50 ಗ್ರಾಂ ಬಟ್ಟನ್ನಿಟ್ಟು ಕ್ಯಾಲಿಬ್ರೇಟ್ ಮಾಡಿ ಸುಮ್ಮನಾಗುತ್ತಾರೆ. .308ಕ್ಕೆ ಬೇಕಾಗಿರುವುದು ನಲವತ್ತರ ಆಸುಪಾಸಿನ ಗ್ರೇನ್ ತೂಕ, ಅಂದರೆ ಮೂರು ಗ್ರಾಂ ಕೂಡ ಇಲ್ಲ. 2 ಗ್ರಾಂ ಮತ್ತು 1 ಗ್ರಾಂ ಚೆಕ್ ವೇಟ್ ಕೂಡಿಸಿಟ್ಟರೆ 46.3 ಗ್ರೇನ್ ಬರಬೇಕು. ಬಟ್ಟನ್ನು ಚಿಮಟದಿಂದ ಹಿಡಿಯಿರಿ, ಬೆರಳಿನ ಎಣ್ಣೆಗೂ ತೂಕವಿದೆ. ತಟ್ಟೆ ಸಮೇತ ಎತ್ತಿ, ಇಟ್ಟು, ಓದಿ, ಬರೆಯಿರಿ. ಹೀಗೆ ಹತ್ತು ಸಲ. ಹತ್ತೂ ಸಲ 46.3 ಬಂದರೆ ಸರಿ. ಒಮ್ಮೆ 46.2, ಒಮ್ಮೆ 46.4 ಬಂದರೆ ನಿಮ್ಮ ತಕ್ಕಡಿಯ ನಿಜವಾದ ಸಾಮರ್ಥ್ಯ ಅಷ್ಟೇ. ಪರದೆಯ ಮೇಲಿನ ಕೊನೆಯ ಅಂಕಿ ಏನೇ ಇರಲಿ, ಅದಕ್ಕಿಂತ ಸೂಕ್ಷ್ಮವಾಗಿ ತೂಗಿದೆ ಎಂದು ಹೇಳಿಕೊಳ್ಳುವ ಹಕ್ಕಿಲ್ಲ.

ತಕ್ಕಡಿ ಸರಿದಿದೆಯೇ ಎಂದು ತಿಳಿಯಲು ಸುಲಭದ ದಾರಿ ಇದೆ. ಖಾಲಿ ತಟ್ಟೆಯಿಟ್ಟು ಸೊನ್ನೆ ಮಾಡಿ, ತಟ್ಟೆ ಎತ್ತಿದಾಗ ಮೈನಸ್ ಚಿಹ್ನೆಯ ಜೊತೆ ತಟ್ಟೆಯ ತೂಕ ಕಾಣುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ. ಪ್ರತಿ ಸಲ ತಟ್ಟೆ ಎತ್ತಿದಾಗಲೂ ಅದೇ ಸಂಖ್ಯೆ ಬರಬೇಕು. ಬದಲಾದರೆ ಸೊನ್ನೆ ಜರುಗಿದೆ ಎಂದರ್ಥ. ಹಿಂದೆ ಸರಿಯಾಗಿ ಕಂಡ ತೋಟಾದ ನಂತರ ತುಂಬಿದ್ದನ್ನೆಲ್ಲ ಮತ್ತೆ ತೂಗಬೇಕು.

ಇನ್ನೊಂದು ಕಾಟ ಮದ್ದನ್ನು ಕಾಳು ಕಾಳಾಗಿ ಬೀಳಿಸುವ ಟ್ರಿಕಲರ್‌ನಿಂದ ಬರುತ್ತದೆ. ಈ ಬಗೆಯ ತಕ್ಕಡಿಗಳಲ್ಲಿ ಸಣ್ಣ ಸರಿತವನ್ನು ತಾನಾಗಿಯೇ ಸೊನ್ನೆಗೆ ಎಳೆಯುವ ಏರ್ಪಾಡಿರುತ್ತದೆ. ನಿಧಾನವಾಗಿ ಒಂದೊಂದೇ ಕಾಳು ಬೀಳಿಸಿದರೆ ತಕ್ಕಡಿ ಅದನ್ನೂ ಸರಿತ ಎಂದೇ ತಿಳಿದು ನುಂಗಿಬಿಡಬಹುದು. ಬೀಳಿಸಿ ಮುಗಿದ ಮೇಲೆ ತಟ್ಟೆಯನ್ನು ಒಮ್ಮೆ ಎತ್ತಿ ಮತ್ತೆ ಇಡಿ, ಎರಡನೇ ಸಲ ಬಂದ ಅಂಕಿಯನ್ನೇ ನಂಬಿ. ಹಳೆಯ ಬೀಮ್ ತಕ್ಕಡಿಗೆ ಈ ರೋಗವಿಲ್ಲ. ಅದರ ಕತ್ತಿಯಂಚಿನ ಧೂಳು ಒರೆಸಿ, ಕಣ್ಣನ್ನು ಮುಳ್ಳಿನ ನೇರಕ್ಕೆ ತಂದು ಓದಿದರೆ ಅಗ್ಗದ ಡಿಜಿಟಲ್‌ಗಿಂತ ಅದೇ ವಾಸಿ ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಇನ್ನೂ ಸೂಕ್ಷ್ಮ ಬೇಕೆಂದರೆ ಮ್ಯಾಗ್ನೆಟಿಕ್ ಫೋರ್ಸ್ ರೆಸ್ಟೋರೇಷನ್ ಬಗೆಯ ತಕ್ಕಡಿಗಳಿವೆ. ಎ ಅಂಡ್ ಡಿ ಕಂಪನಿಯ ಎಫ್‌ಎಕ್ಸ್-120ಐ 0.02 ಗ್ರೇನ್‌ವರೆಗೆ ಓದುತ್ತದೆ, ಅಂದರೆ ಕಡ್ಡಿಯಾಕಾರದ ಮದ್ದಿನ ಒಂದು ಕಾಳಿನಷ್ಟು. ಅದು ಬೇಕೇ ಎಂಬುದಕ್ಕೆ ಮುಂದೆ ಲೆಕ್ಕ ಬರುತ್ತದೆ.

ಕ್ಯಾಲಿಪರ್‌ನದೂ ಇದೇ ಕಥೆ. ಇಂಚಿನ ಸಾವಿರದ ಒಂದು ಪಾಲನ್ನು ಮೆಷಿನ್ ಶಾಪಿನವರು ಥೌ ಎನ್ನುತ್ತಾರೆ, ಇಲ್ಲಿಯೂ ಹಾಗೇ ಕರೆಯೋಣ. ತುಂಬಿದ ಒಂದೇ ತೋಟಾವನ್ನು ಕಂಪ್ಯಾರೇಟರ್ ಇನ್ಸರ್ಟ್ (ಬುಲೆಟ್ಟಿನ ವಕ್ರ ಭಾಗವನ್ನು ಹಿಡಿಯುವ ತೂತಿನ ತುಂಡು) ಹಾಕಿ ಹತ್ತು ಸಲ ಅಳೆಯಿರಿ. ಪ್ರತಿ ಸಲ ತೆಗೆದು, ತಿರುಗಿಸಿ, ಮತ್ತೆ ಇಡಿ. ಹೆಬ್ಬೆರಳಿನ ಒತ್ತಡ ಹೆಚ್ಚಾದರೆ ಒಂದು ಥೌ ಕಡಿಮೆ ಬರುತ್ತದೆ, ತೋಟಾ ತುಸು ವಾಲಿದರೆ ಒಂದು ಥೌ ಹೆಚ್ಚು ಬರುತ್ತದೆ. ಒಂದೇ ತೋಟಾ ಒಂದೂವರೆ ಥೌ ಅಂತರದಲ್ಲಿ ಆಡಿದರೆ, ಆ ಕ್ಯಾಲಿಪರ್ ಹಿಡಿದು ತೋಟಾಗಳನ್ನು ಅರ್ಧ ಥೌ ಲೆಕ್ಕದಲ್ಲಿ ಬೇರ್ಪಡಿಸುವುದು ಬರೀ ಕಾಲಹರಣ.

ಹಿತ್ತಾಳೆ ಕೇಸು

ಸಮಾನತೆಯ ಬೇರು ಕೇಸಿನಲ್ಲಿದೆ, ಅಂದರೆ ಮದ್ದು, ಬುಲೆಟ್ಟು ಹಿಡಿದಿಡುವ ಹಿತ್ತಾಳೆ ಕೊಳವೆಯಲ್ಲಿ. ಒಂದೇ ಕಂಪನಿ, ಒಂದೇ ಲಾಟ್ (ಒಟ್ಟಿಗೆ ತಯಾರಾದ ಕಂತು), ಒಂದೇ ಸಂಖ್ಯೆಯಷ್ಟು ಸಲ ಹಾರಿಸಿದ್ದು. ಈ ಮೂರೂ ಕೂಡಿದ ಕೇಸುಗಳನ್ನು ಒಂದು ಡಬ್ಬಿಯಲ್ಲಿಡಿ, ಬೆರೆಸಬೇಡಿ. 7.62 ನ್ಯಾಟೋ ಸೇನಾ ಕೇಸಿನ ಗೋಡೆ ಸಾಮಾನ್ಯವಾಗಿ ದಪ್ಪ, ಹಾಗಾಗಿ ಒಳಗಿನ ಜಾಗ ಕಡಿಮೆ. ವಾಣಿಜ್ಯ ಕೇಸಿನಲ್ಲಿ ಸರಿಯಾಗಿದ್ದ ಅದೇ ಮದ್ದು ಅದರಲ್ಲಿ ಹೆಚ್ಚು ಒತ್ತಡ ಕಟ್ಟುತ್ತದೆ. ಇಲ್ಲಿ ಟಾರ್ಗೆಟ್ಟಿನ ಅಂಕಕ್ಕಿಂತ ಕೈಕಣ್ಣಿನ ಪ್ರಶ್ನೆ ದೊಡ್ಡದು.

ಹಾರಿಸಿದ ಕೇಸಿನ ಬುಡದಿಂದ ಭುಜದವರೆಗಿನ (ಕುತ್ತಿಗೆಯ ಕಡೆಗೆ ಕಿರಿದಾಗುವ ಇಳಿಜಾರಿನವರೆಗಿನ) ಅಳತೆಯನ್ನು ಮೊದಲು ಬರೆದಿಟ್ಟುಕೊಳ್ಳಿ. ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ, ಬುಡದಲ್ಲಿರುವ ಪುಟ್ಟ ಬಟ್ಟಲು) ತೆಗೆದ ಮೇಲೆ ಅಳೆಯಿರಿ, ಇಲ್ಲವಾದರೆ ಉಬ್ಬಿದ ಪ್ರೈಮರ್ ಅಳತೆಯನ್ನು ಕೆಡಿಸುತ್ತದೆ. ಒಂದೇ ಸಲ ಹಾರಿದ ಕೇಸು ಚೇಂಬರಿನ (ರೈಫಲ್ಲಿನಲ್ಲಿ ತೋಟಾ ಕೂರುವ ಗೂಡಿನ) ಉದ್ದಕ್ಕೆ ಪೂರ್ತಿ ಬೆಳೆದಿರುವುದಿಲ್ಲ, ಎರಡು ಮೂರು ಸಲ ಹಾರಿದ್ದನ್ನು ಆಧಾರವಾಗಿಟ್ಟುಕೊಳ್ಳಿ. ಕೈಯಿಂದ ಎಳೆಯುವ ಬೋಲ್ಟ್ ರೈಫಲ್ಲಿಗೆ ಸೈಜಿಂಗ್ ಡೈ (ಹಾರಿಸಿದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಭುಜವನ್ನು ಒಂದರಿಂದ ಎರಡು ಥೌ ಹಿಂದಕ್ಕೆ ತಳ್ಳಿದರೆ ಸಾಕು, ತಾನೇ ಮುಂದಿನ ತೋಟಾ ಎಳೆದುಕೊಳ್ಳುವ ಸೆಮಿ ಆಟೋಗೆ ಮೂರು ನಾಲ್ಕು ಬೇಕು. ಅದಕ್ಕಿಂತ ಹೆಚ್ಚು ತಳ್ಳಿದರೆ ಪ್ರತಿ ಸಲವೂ ಕೇಸು ಬುಡದ ಬಳಿ ಎಳೆದು ತೆಳುವಾಗುತ್ತ ಹೋಗಿ, ಕೊನೆಗೊಂದು ದಿನ ತಲೆಭಾಗವೇ ಕತ್ತರಿಸಿ ಬರುತ್ತದೆ. ಅದರ ಮುನ್ಸೂಚನೆ ಬುಡದ ಸ್ವಲ್ಪ ಮೇಲೆ ಕಾಣುವ ಹೊಳೆಯುವ ಉಂಗುರ. ಪೇಪರ್ ಕ್ಲಿಪ್ಪಿನ ತುದಿಯನ್ನು ಬಗ್ಗಿಸಿ ಕೇಸಿನೊಳಗೆ ಬಿಟ್ಟು ಗೋಡೆಗುಂಟ ಮೇಲಕ್ಕೆಳೆಯಿರಿ. ಆ ಜಾಗದಲ್ಲಿ ತುದಿ ಸಿಕ್ಕಿಕೊಂಡಂತಾದರೆ ಒಳಗೆ ಹಳ್ಳ ಬಿದ್ದಿದೆ. ಕೇಸನ್ನು ಇಕ್ಕಳದಿಂದ ಅಮುಕಿ ಗುಜರಿಗೆ ಹಾಕಿ.

ಭುಜದ ಅಳತೆ ಒಂದು ಬ್ಯಾಚಿನಲ್ಲಿ ಎರಡು ಥೌಗಿಂತ ಹೆಚ್ಚು ಆಡುತ್ತಿದ್ದರೆ ಡೈ ತಿರುಗಿಸಲು ಹೋಗಬೇಡಿ. ಕಾರಣ ಹೆಚ್ಚಾಗಿ ಲ್ಯೂಬ್ (ಡೈಗೆ ಹಾಕುವ ಮುನ್ನ ಕೇಸಿಗೆ ಸವರುವ ಜಿಡ್ಡು) ಒಂದಕ್ಕೆ ಜಾಸ್ತಿ ಒಂದಕ್ಕೆ ಕಡಿಮೆ ಬಿದ್ದಿರುವುದು, ಇಲ್ಲವೇ ಹಿತ್ತಾಳೆ ಗಡುಸಾಗಿ ಹಿಂದಕ್ಕೆ ಚಿಮ್ಮುತ್ತಿರುವುದು. ಮೊದಲನೆಯದಕ್ಕೆ ಲ್ಯಾನೋಲಿನ್ ಸ್ಪ್ರೇ ಹೊಡೆದು ಚೀಲದಲ್ಲಿ ಹಾಕಿ ಉರುಳಿಸಿದರೆ ಸಮವಾಗುತ್ತದೆ. ಎರಡನೆಯದಕ್ಕೆ ಅನೀಲಿಂಗ್, ಅಂದರೆ ಕುತ್ತಿಗೆ ಮತ್ತು ಭುಜವನ್ನು ಮಾತ್ರ ಕಾಯಿಸಿ ಮೆದು ಮಾಡುವುದು. ಬುಡಕ್ಕೆ ಶಾಖ ಇಳಿಯಬಾರದು. ಬುಡ ಮೆದುವಾದ ಕೇಸು ಒತ್ತಡ ತಡೆಯುವುದಿಲ್ಲ.

ಕೇಸಿನ ಉದ್ದ: .308ರ ಗರಿಷ್ಠ 2.015 ಇಂಚು, ಟ್ರಿಮ್ ಮಾಡುವುದು 2.005ಕ್ಕೆ. ಗರಿಷ್ಠ ದಾಟಿದ ಕೇಸಿನ ಬಾಯಿ ಚೇಂಬರಿನ ತುದಿಗೆ ಒತ್ತಿಕೊಂಡು ಬುಲೆಟ್ಟನ್ನು ಹಿಡಿದುಬಿಡುತ್ತದೆ, ಒತ್ತಡ ಏರುತ್ತದೆ.

ಕುತ್ತಿಗೆಯ ಹಿಡಿತ ಎಲ್ಲರೂ ಮಾತಾಡುವ ವಿಷಯ. ಬುಷಿಂಗ್ ಡೈ (ಬದಲಿಸಬಹುದಾದ ಉಂಗುರದಿಂದ ಕುತ್ತಿಗೆಯನ್ನು ಕಿರಿದು ಮಾಡುವ ಡೈ) ಇದ್ದರೆ, ತುಂಬಿದ ತೋಟಾದ ಕುತ್ತಿಗೆಯ ಹೊರ ಅಳತೆಗಿಂತ ಎರಡು ಮೂರು ಥೌ ಕಡಿಮೆಯ ಬುಷಿಂಗ್ ಹಾಕುವುದು ರೂಢಿ. ಆದರೆ ಹಿಡಿತವೆಂದರೆ ವ್ಯಾಸವಷ್ಟೇ ಅಲ್ಲ. ಒಳಗಿನ ಮಸಿ, ಹಿತ್ತಾಳೆಯ ಗಡಸು, ಬಾಯಿಯ ಚಾಂಫರ್ (ಅಂಚಿನ ಓರೆ ಕೆತ್ತನೆ) ಎಲ್ಲವೂ ಸೇರಿ ಬುಲೆಟ್ಟು ಕೂರುವಾಗ ಕೈಗೆ ತಾಗುವ ಬಲವಾಗುತ್ತದೆ. ಪ್ರೆಸ್ಸಿನ ಹಿಡಿಯನ್ನು ನಿಧಾನವಾಗಿ ಇಳಿಸಿ ಆ ಬಲವನ್ನು ಗಮನಿಸಿ. ಐವತ್ತರಲ್ಲಿ ನಾಲ್ಕು ಸಡಿಲ, ಎರಡು ಬಿಗಿ ಎನಿಸಿದರೆ ಆ ಆರನ್ನು ಬೇರೆ ಇಟ್ಟು ಸೈಟ್ ಹೊಂದಿಸುವುದಕ್ಕೆ ಬಳಸಿ. ಯಾವ ಗೇಜಿಗೂ ಕಾಣದ್ದನ್ನು ಕೈ ಹಿಡಿಯುತ್ತದೆ.

ಕೇಸುಗಳನ್ನು ತೂಗಿ ವಿಂಗಡಿಸುವುದರಲ್ಲಿ ನಮಗೆ ಅಷ್ಟು ನಂಬಿಕೆಯಿಲ್ಲ. ನಮಗೆ ಬೇಕಾಗಿರುವುದು ಒಳಗಿನ ಜಾಗದ ಸಮಾನತೆ. ತೂಕದ ವ್ಯತ್ಯಾಸ ಗೋಡೆಯಲ್ಲಿದ್ದರೆ ಜಾಗ ಬದಲಾಗುತ್ತದೆ. ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಟ್ಟು ಭಾರ, ಹಾಗಾಗಿ ಎಂಟೂವರೆ ಗ್ರೇನ್ ಹೆಚ್ಚು ಹಿತ್ತಾಳೆ ಇದ್ದರೆ ಒಂದು ಗ್ರೇನ್ ನೀರಿನಷ್ಟು ಜಾಗ ಕಡಿಮೆ. ಆದರೆ ಅದೇ ವ್ಯತ್ಯಾಸ ಬುಡದ ಹೊರಗಿನ ತೋಡಿನಲ್ಲೋ ಅಂಚಿನಲ್ಲೋ ಇದ್ದರೆ ಒಳಜಾಗ ಒಂದಿಷ್ಟೂ ಬದಲಾಗುವುದಿಲ್ಲ. ಉಳಿದವುಗಳಿಗಿಂತ ಎದ್ದು ಕಾಣುವಷ್ಟು ಭಾರದ ಅಥವಾ ಹಗುರದ ಒಂದೆರಡನ್ನು ಎತ್ತಿಡಿ, ಅಷ್ಟು ಸಾಕು.

ಪ್ರೈಮರ್, ಮದ್ದು, ಬುಲೆಟ್ಟು

ಪ್ರೈಮರ್ ಕೇಸಿನ ಬುಡಕ್ಕಿಂತ ಮೂರರಿಂದ ಐದು ಥೌ ಒಳಗೆ ಕೂರಬೇಕು. ಪ್ರತಿಯೊಂದನ್ನೂ ಬೆರಳಿನಿಂದ ಸವರಿ ನೋಡಿ, ಅನುಮಾನ ಬಂದರೆ ಉಕ್ಕಿನ ಸ್ಕೇಲಿನ ಅಂಚಿಟ್ಟು ಬೆಳಕಿಗೆ ಹಿಡಿಯಿರಿ. ಮೇಲೆದ್ದ ಪ್ರೈಮರ್‌ನಿಂದ ಎರಡು ತೊಂದರೆ. ಬೋಲ್ಟ್ ರೈಫಲ್ಲಿನಲ್ಲಿ ಪಿನ್ನಿನ ಹೊಡೆತ ಅದನ್ನು ಒಳಕ್ಕೆ ತಳ್ಳುವುದರಲ್ಲೇ ವ್ಯಯವಾಗಿ ಸಿಡಿಯುವುದಿಲ್ಲ ಅಥವಾ ತಡವಾಗಿ ಸಿಡಿಯುತ್ತದೆ. ಸೆಮಿ ಆಟೋದಲ್ಲಿ ಬೋಲ್ಟ್ ಮುಚ್ಚಿಕೊಳ್ಳುವ ಹೊಡೆತಕ್ಕೇ ಸಿಡಿಯುವ ಅಪಾಯವಿದೆ. ಕಾರಣ ಬಹುಪಾಲು ಪಾಕೆಟ್ಟಿನ (ಪ್ರೈಮರ್ ಕೂರುವ ಗುಳಿಯ) ಮಸಿ ಅಥವಾ ಸೇನಾ ಕೇಸಿನ ತೆಗೆಯದ ಕ್ರಿಂಪು (ಪ್ರೈಮರ್ ಹಿಡಿದಿಡಲು ಅದುಮಿದ ಅಂಚು). ಮದ್ದು ತುಂಬಿದ ಮೇಲೆ ಅದನ್ನು ಮತ್ತೆ ಒತ್ತಿ ಕೂರಿಸಲು ಹೋಗಬೇಡಿ. ಬುಲೆಟ್ಟು ಕಿತ್ತು, ಮದ್ದು ಸುರಿದು, ಆಮೇಲೆ ನೋಡಿ. ಕನ್ನಡಕ ಯಾವಾಗಲೂ ಕಣ್ಣಮೇಲಿರಲಿ. ಬೆರಳೊತ್ತಿಗೆ ಸಡಿಲವಾಗಿ ಇಳಿಯುವ ಪಾಕೆಟ್ಟಿನ ಕೇಸು ಮುಗಿದ ಕೇಸು, ಕನಿಕರ ಬೇಡ.

ಮದ್ದಿನ ವಿಷಯದಲ್ಲಿ ಮೊದಲ ನಿಯಮ ಹಳೆಯದೇ: ಬೆಂಚಿನ ಮೇಲೆ ಒಂದೇ ಡಬ್ಬಿ. ಮದ್ದು ಸುರಿಯುವ ಹಾಪರಿನಲ್ಲಿ ಉಳಿದದ್ದನ್ನು ಅಂದೇ ಅದರ ಮೂಲ ಡಬ್ಬಿಗೆ ಸುರಿಯಿರಿ. ಯಾವುದೆಂದು ಸಂಶಯ ಬಂದರೆ ಬಳಸುವಂತಿಲ್ಲ. ಎಲ್ಲ ಕೇಸಿಗೂ ಸುರಿದು ಮುಗಿಸಿದ ಮೇಲೆ, ಬುಲೆಟ್ಟು ಕೂರಿಸುವ ಮುನ್ನ, ಟ್ರೇಯನ್ನು ಟಾರ್ಚಿನ ಕೆಳಗೆ ಹಿಡಿದು ಮದ್ದಿನ ಮಟ್ಟವನ್ನು ಸಾಲುಸಾಲಾಗಿ ನೋಡಿ. ಕೇಸು ತುಂಬುವಂಥ ಮದ್ದಾದರೆ ಎರಡು ಸಲ ಸುರಿದಾಗ ಹೊರಚೆಲ್ಲಿ ತಾನೇ ಹೇಳುತ್ತದೆ. ಕಡಿಮೆ ಅಳತೆಯ ವೇಗದ ಮದ್ದಿಗೆ ಆ ರಕ್ಷಣೆ ಇಲ್ಲ, ಅಲ್ಲಿ ಟಾರ್ಚೇ ಕಾವಲು.

ತುಂಬಿದ ತೋಟಾವನ್ನೇ ತೂಗಿದರೆ ಮದ್ದಿನ ಹೆಚ್ಚುಕಡಿಮೆ ಗೊತ್ತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಗೊತ್ತಾಗುವುದಿಲ್ಲ. ಕೇಸಿನಿಂದ ಕೇಸಿಗೆ ಒಂದೆರಡು ಗ್ರೇನ್ ವ್ಯತ್ಯಾಸ ಮಾಮೂಲು. ಅದರ ನಡುವೆ 0.3 ಗ್ರೇನ್ ಮದ್ದಿನ ತಪ್ಪು ಅಡಗಿಹೋಗುತ್ತದೆ.

ಬುಲೆಟ್ಟಿನ ಆಳಕ್ಕೆ ಬರೋಣ. ಹಾಲೋ ಪಾಯಿಂಟ್ ಮ್ಯಾಚ್ ಬುಲೆಟ್ಟಿನ (ಮೂತಿಯಲ್ಲಿ ತೂತಿರುವ, ಸ್ಪರ್ಧೆಗೆಂದೇ ಮಾಡಿದ ಬುಲೆಟ್ಟಿನ) ಮೂತಿ ಕಾರ್ಖಾನೆಯಿಂದಲೇ ಸೊಟ್ಟಂಬಟ್ಟ. ಹಾಗಾಗಿ ಬುಡದಿಂದ ಮೂತಿಯವರೆಗಿನ ಒಟ್ಟು ಉದ್ದ ಹತ್ತು ಥೌ ಆಡಿದರೂ ಗಾಬರಿಯಾಗಬೇಡಿ. ಆ ಉದ್ದ ಮ್ಯಾಗಜಿನ್‌ನಲ್ಲಿ ಹಿಡಿಸುತ್ತದೆಯೇ ಎಂದು ನೋಡಲಷ್ಟೇ; .308ರ ಗರಿಷ್ಠ 2.810 ಇಂಚು. ಸಮಾನತೆ ನೋಡಬೇಕಾದದ್ದು ಬುಡದಿಂದ ಓಜೈವ್‌ವರೆಗೆ, ಅಂದರೆ ಬುಲೆಟ್ಟಿನ ವಕ್ರ ಭಾಗ ಬ್ಯಾರೆಲ್ಲಿನೊಳಗಿನ ಸುರುಳಿ ಗೆರೆಗಳಾದ ರೈಫ್ಲಿಂಗ್‌ಗೆ ತಾಗುವ ವ್ಯಾಸದ ಬಳಿಯವರೆಗೆ. ಅದು ಪ್ಲಸ್ ಮೈನಸ್ ಒಂದು ಥೌ ಒಳಗಿದ್ದರೆ ಒಳ್ಳೆಯದು. ಒಬ್ಬರ ಕಂಪ್ಯಾರೇಟರಿನ ಸಂಖ್ಯೆ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ, ಗೆಳೆಯರ ಸಂಖ್ಯೆಯನ್ನು ನಕಲು ಮಾಡಬೇಡಿ.

ಓಜೈವ್ ಅಳತೆ ಆಡುತ್ತಿದ್ದರೆ ಮೂರು ಕಡೆ ನೋಡಿ. ಬುಲೆಟ್ಟು ಕೂರಿಸುವ ಡೈಯ ಸೀಟಿಂಗ್ ಸ್ಟೆಮ್ (ಒತ್ತುವ ಕಡ್ಡಿ) ಬುಲೆಟ್ಟನ್ನು ಮೂತಿಯ ಹತ್ತಿರ ತಳ್ಳುತ್ತದೆ, ಕಂಪ್ಯಾರೇಟರ್ ಅಳೆಯುವುದು ಕೆಳಗೆ. ಬುಲೆಟ್ಟುಗಳ ವಕ್ರತೆಯೇ ಬೇರೆ ಬೇರೆ ಇದ್ದರೆ ಆ ವ್ಯತ್ಯಾಸ ನೇರ ಇಲ್ಲಿ ಕಾಣುತ್ತದೆ. ಎರಡನೆಯದು ಕುತ್ತಿಗೆಯ ಹಿಡಿತ ಒಂದೇ ಸಮ ಇಲ್ಲದಿರುವುದು. ಮೂರನೆಯದು ಬಹಳ ಮಂದಿಗೆ ಹೊಳೆಯುವುದಿಲ್ಲ. ಮದ್ದು ಕುತ್ತಿಗೆಯವರೆಗೆ ತುಂಬಿ ಅದುಮಿದ ಲೋಡ್ ಆಗಿದ್ದರೆ, ರಾತ್ರಿಯಿಡೀ ಅದು ಬುಲೆಟ್ಟನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಕೂರಿಸಿದ ಕೂಡಲೇ ಒಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಅಳೆಯಿರಿ. ಬೆಳೆದಿದ್ದರೆ ಉದ್ದನೆಯ ಡ್ರಾಪ್ ಟ್ಯೂಬಿನಿಂದ ಮದ್ದು ಸುರಿದು ಒತ್ತಾಗಿ ಕೂರುವಂತೆ ಮಾಡಿ, ಅಥವಾ ಬೇರೆ ಮದ್ದು ಹುಡುಕಿ.

ರನ್ಔಟ್, ಅಂದರೆ ತೋಟಾ ತಿರುಗಿಸಿದಾಗ ಬುಲೆಟ್ಟು ಎಷ್ಟು ಓಲಾಡುತ್ತದೆ ಎಂಬುದು, ಮೂರು ಥೌ ಒಳಗಿದ್ದರೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಜಾಸ್ತಿ ಇದ್ದರೆ ಹೆಚ್ಚಿನ ಸಲ ಎಕ್ಸ್‌ಪಾಂಡರ್ ಬಾಲ್ (ಕುತ್ತಿಗೆಯೊಳಗೆ ಹಾಯ್ದು ಅದನ್ನು ಹಿಗ್ಗಿಸುವ ಡೈಯ ಉಂಡೆ) ಕುತ್ತಿಗೆಯನ್ನು ಪಕ್ಕಕ್ಕೆ ಎಳೆದಿರುತ್ತದೆ. ತುಂಬಿದ ತೋಟಾವನ್ನು ಬಗ್ಗಿಸಿ ನೇರ ಮಾಡುವ ಉಪಕರಣಗಳು ಬುಲೆಟ್ಟಿನ ಹಿಡಿತವನ್ನೇ ಸಡಿಲಿಸುತ್ತವೆ ಎಂಬುದು ನಮ್ಮ ಅಭಿಪ್ರಾಯ, ಬೇಡ.

ಕ್ರೋನೋಗ್ರಾಫ್ ಮತ್ತು ಸಣ್ಣ ಸಂಖ್ಯೆಗಳ ಮೋಸ

ಎಲ್ಲ ಕೆಲಸದ ಫಲ ಒಂದು ಕಡೆ ಸೇರುವುದು ವೇಗದಲ್ಲಿ. ಓಹ್ಲರ್‌ನಂಥ ಬೆಳಕಿನ ಪರದೆಯ ಯಂತ್ರಗಳಿಗೆ ಬೆಳಕಿನ ಏರಿಳಿತದ ಕಾಟ. ಬ್ಯಾರೆಲ್ಲಿಗೇ ಕಟ್ಟುವ ಮ್ಯಾಗ್ನೆಟೋಸ್ಪೀಡ್ ವೇಗವನ್ನು ಚೆನ್ನಾಗಿ ಹೇಳುತ್ತದೆ, ಆದರೆ ಅದರ ಭಾರದಿಂದ ಬ್ಯಾರೆಲ್ಲಿನ ಕಂಪನ ಬದಲಾಗುತ್ತದೆ; ಅದನ್ನು ಕಟ್ಟಿಕೊಂಡು ಗ್ರೂಪ್ (ಕಾಗದದ ಮೇಲೆ ಗುಂಡಿನ ತೂತುಗಳು ಹರಡಿದ ಅಗಲ) ಅಳೆಯಬೇಡಿ. ಲ್ಯಾಬ್‌ರೇಡಾರ್, ಗಾರ್ಮಿನ್ ಝೀರೋ ಸಿ1 ಬಗೆಯ ಡಾಪ್ಲರ್ ರೇಡಾರ್ ಯಂತ್ರಗಳು ಬ್ಯಾರೆಲ್ಲನ್ನು ಮುಟ್ಟುವುದಿಲ್ಲ. ಅವುಗಳ ನಿಖರತೆ ಶೇ 0.1 ಎಂದು ತಯಾರಕರು ಹೇಳುತ್ತಾರೆ, ಅಂದರೆ 2650ರಲ್ಲಿ ಎರಡೂವರೆ ಅಡಿ.

ಈಗ ಮುಖ್ಯ ವಿಷಯ. ಐದು ಗುಂಡು ಹಾರಿಸಿ ಎಸ್‌ಡಿ 8 ಬಂತು ಎಂದುಕೊಳ್ಳಿ. ಎಸ್‌ಡಿ ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಸರಾಸರಿಯ ಸುತ್ತ ವೇಗ ಎಷ್ಟು ಚದುರಿದೆ ಎಂಬ ಅಳತೆ. ಐದೇ ಗುಂಡಿನಿಂದ ತೆಗೆದ 8ರ ಹಿಂದಿರುವ ನಿಜವಾದ ಎಸ್‌ಡಿ ಶೇ 95ರ ಭರವಸೆಯಲ್ಲಿ 5ರಿಂದ 23ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಇಪ್ಪತ್ತು ಗುಂಡಿನಿಂದ 8 ಬಂದರೆ ಆ ವ್ಯಾಪ್ತಿ 6ರಿಂದ 12ಕ್ಕೆ ಇಳಿಯುತ್ತದೆ. ಐದು ಗುಂಡಿನ ಎಸ್‌ಡಿ 6 ಬಂದ ಲೋಡ್ ಮತ್ತು 10 ಬಂದ ಲೋಡ್, ಇವೆರಡರಲ್ಲಿ ಮೊದಲನೆಯದು ಉತ್ತಮ ಎನ್ನಲು ಯಾವ ಆಧಾರವೂ ಇಲ್ಲ. ಐದರ ಗುಂಪಿನಲ್ಲಿ ಹಾಗೆ ಹೇಳಬೇಕಾದರೆ ಒಂದು ಇನ್ನೊಂದರ ಮೂರು ಪಟ್ಟು ಇರಬೇಕು. ಇಪ್ಪತ್ತರ ಗುಂಪಿನಲ್ಲಿ 1.6 ಪಟ್ಟು ಸಾಕು.

ಎಕ್ಸ್‌ಟ್ರೀಮ್ ಸ್ಪ್ರೆಡ್, ಅಂದರೆ ಗರಿಷ್ಠ ವೇಗದಿಂದ ಕನಿಷ್ಠ ಕಳೆದದ್ದು, ಇನ್ನೂ ಮೋಸಗಾರ. ಗುಂಡುಗಳು ಹೆಚ್ಚಿದಷ್ಟೂ ಅದು ಬೆಳೆಯುತ್ತದೆ. ನಿಜವಾದ ಎಸ್‌ಡಿ 10 ಇರುವ ಲೋಡ್ ಸರಾಸರಿಯಲ್ಲಿ ಮೂರು ಗುಂಡಿಗೆ 17, ಐದಕ್ಕೆ 23, ಹತ್ತಕ್ಕೆ 31, ಇಪ್ಪತ್ತಕ್ಕೆ 37 ತೋರಿಸುತ್ತದೆ. ಮೂರು ಗುಂಡಿನ 17 ತೋರಿಸುವವರೂ ಇಪ್ಪತ್ತು ಗುಂಡಿನ 37 ತೋರಿಸುವವರೂ ಒಂದೇ ತೋಟಾ ತುಂಬಿರಬಹುದು. ಕಾಗದದ ಮೇಲಿನ ಗ್ರೂಪಿಗೂ ಇದೇ ನ್ಯಾಯ: ಮೂರು ಗುಂಡಿನ ಗ್ರೂಪ್ 0.6 ಇಂಚು ಬರುವ ರೈಫಲ್ಲು ಹತ್ತು ಗುಂಡಿಗೆ 0.95ರಷ್ಟು ಬಂದರೆ ಏನೂ ಕೆಟ್ಟಿಲ್ಲ, ಅದು ಮೊದಲಿನಿಂದಲೂ ಅಷ್ಟೇ ಇತ್ತು.

ಲ್ಯಾಡರ್ ಟೆಸ್ಟ್ ಮಾಡಿ ವೇಗದ "ಸಮತಟ್ಟು" ಹುಡುಕುವ ಪದ್ಧತಿ ಬಹಳ ಜನಪ್ರಿಯ. 0.2 ಗ್ರೇನ್ ಏರಿಸುತ್ತ ಒಂದೊಂದು ಗುಂಡು ಹಾರಿಸುವುದು, ವೇಗ ಏರದ ಜಾಗವನ್ನು ಆರಿಸಿಕೊಳ್ಳುವುದು. .308ರ ಗಾತ್ರದ ಕೇಸಿನಲ್ಲಿ 0.1 ಗ್ರೇನ್‌ಗೆ ಸುಮಾರು ಐದರಿಂದ ಆರು ಅಡಿ ವೇಗ ಏರುತ್ತದೆ, ಹಾಗಾಗಿ 0.2 ಎಂದರೆ ಹನ್ನೊಂದು ಅಡಿ. ಲೋಡಿನ ಎಸ್‌ಡಿಯೇ 10 ಆಗಿದ್ದರೆ ಏರಿಕೆಯಷ್ಟೇ ಗದ್ದಲವೂ ಇದೆ. ಅಲ್ಲಲ್ಲಿ ಸಮತಟ್ಟು ಬರೀ ಆಕಸ್ಮಿಕವಾಗಿ ಕಾಣಿಸುತ್ತದೆ. ಅದೇ ಪರೀಕ್ಷೆಯನ್ನು ಇನ್ನೊಂದು ದಿನ ಮಾಡಿ, ಸಮತಟ್ಟು ಬೇರೆ ಕಡೆ ಎದ್ದಿರುತ್ತದೆ.

ಈಗ ದುಬಾರಿ ತಕ್ಕಡಿಯ ಪ್ರಶ್ನೆ. ನಿಮ್ಮ ತಕ್ಕಡಿ ಪ್ಲಸ್ ಮೈನಸ್ 0.1 ಗ್ರೇನ್ ಆಡುತ್ತದೆ ಎನ್ನಿ. ಅದರಿಂದ ಬರುವ ವೇಗದ ಎಸ್‌ಡಿ ಸುಮಾರು 3 ಅಡಿ. ಒಟ್ಟು ಎಸ್‌ಡಿ 10 ಇದ್ದರೆ ಇವು ನೇರ ಕಳೆಯುವ ಲೆಕ್ಕವಲ್ಲ, ವರ್ಗಗಳ ಲೆಕ್ಕ: 100ರಲ್ಲಿ 9 ಹೋದರೆ 91, ಅದರ ವರ್ಗಮೂಲ 9.5. ದೊಡ್ಡ ಮೊತ್ತ ಸುರಿದು ಗಳಿಸಿದ್ದು ಅರ್ಧ ಅಡಿ. ಉಳಿದ ದೊಡ್ಡ ಪಾಲು ಪ್ರೈಮರ್, ಕುತ್ತಿಗೆ, ಕೇಸಿನ ಜಾಗ, ಅಥವಾ ಆ ಮದ್ದು ಆ ಕೇಸಿಗೆ ಒಗ್ಗದಿರುವುದರಲ್ಲಿದೆ. ಒಟ್ಟು ಎಸ್‌ಡಿ 5ಕ್ಕೆ ಇಳಿದವರಿಗೆ ಅದೇ ಲೆಕ್ಕ ಬೇರೆ ಉತ್ತರ ಕೊಡುತ್ತದೆ: 25ರಲ್ಲಿ 9 ಹೋದರೆ 16, ಎಸ್‌ಡಿ 4.

ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ರೈಫಲ್ಲು ಮತ್ತು ಶೂಟರ್ ಸೇರಿ 1000 ಗಜದಲ್ಲಿ ಮೇಲೆ ಕೆಳಗೆ 2.6 ಇಂಚಿನ ಎಸ್‌ಡಿ ಇದೆ ಎನ್ನಿ. ವೇಗದ ಎಸ್‌ಡಿ 10 ಆದರೆ ಅದರ ಪಾಲು 3.5 ಇಂಚು, ಎರಡೂ ಕೂಡಿ 4.4. ಅದನ್ನು 5ಕ್ಕೆ ಇಳಿಸಿದರೆ ಒಟ್ಟು 3.1, ಟಾರ್ಗೆಟ್ಟಿನಲ್ಲಿ ಕಣ್ಣಿಗೆ ಕಾಣುವ ಸುಧಾರಣೆ. 5ರಿಂದ 3ಕ್ಕೆ ಇಳಿಸಲು ಮತ್ತೊಂದು ಚಳಿಗಾಲ ಕಳೆದರೆ ಸಿಗುವುದು 2.8. ಆ ಹೊತ್ತಿನಲ್ಲಿ ಗಾಳಿ ಓದುವುದನ್ನು ಕಲಿತರೆ ಹೆಚ್ಚು ಅಂಕ ಬರುತ್ತದೆ.

ಹಾರಿಸುವಾಗಲೂ ಎಚ್ಚರ ಬೇಕು. ಶುಚಿ ಮಾಡಿದ ತಣ್ಣನೆಯ ಬ್ಯಾರೆಲ್ಲಿನ ಮೊದಲ ಒಂದೆರಡು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಇದನ್ನು ಹಾರಿಸುವ ಮುಂಚೆಯೇ ನಿರ್ಧರಿಸಿ. ಫಲಿತಾಂಶ ನೋಡಿ ಬೇಡದ್ದನ್ನು ಹೊಡೆದುಹಾಕುವಂತಿಲ್ಲ. ಬಿಸಿ ಚೇಂಬರಿನಲ್ಲಿ ತೋಟಾ ಇಟ್ಟುಕೊಂಡು ಗಾಳಿಗೆ ಕಾಯುತ್ತ ಕೂತರೆ ಮದ್ದು ಕಾದು ವೇಗ ಏರುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಡಬ್ಬಿ ಬಿಟ್ಟರೂ ಅಷ್ಟೇ, ಅಲ್ಲಿ ಏರುವುದು ವೇಗವೊಂದೇ ಅಲ್ಲ, ಒತ್ತಡವೂ. ಬೋಲ್ಟ್ ಎತ್ತಲು ಬಿಗಿ, ಬುಡದ ಮೇಲೆ ಎಜೆಕ್ಟರ್ (ಕೇಸನ್ನು ಹೊರಗೆಸೆಯುವ ಭಾಗ) ಒತ್ತಿದ ಗುರುತು, ಚಪ್ಪಟೆಯಾದ ಪ್ರೈಮರ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಆದರೆ ಈ ಗುರುತುಗಳು ಬರುವ ಹೊತ್ತಿಗೆ .308ಕ್ಕೆ ನಿಗದಿಯಾದ ಗರಿಷ್ಠ ಒತ್ತಡ 62,000 ಪಿಎಸ್‌ಐ ದಾಟಿ ಹೋಗಿರುವುದು ಸಾಮಾನ್ಯ. ಅದಕ್ಕೂ ಮೊದಲು ಎಚ್ಚರಿಸುವುದು ಕ್ರೋನೋಗ್ರಾಫ್: ಅಷ್ಟೇ ಉದ್ದದ ಬ್ಯಾರೆಲ್ಲಿನಲ್ಲಿ ಮ್ಯಾನ್ಯುವಲ್ ಹೇಳಿದ ಗರಿಷ್ಠ ವೇಗಕ್ಕಿಂತ ಹೆಚ್ಚು ಬರುತ್ತಿದ್ದರೆ ಒತ್ತಡವೂ ಹೆಚ್ಚಿದೆ ಎಂದೇ ತಿಳಿಯಿರಿ, "ವೇಗದ ಬ್ಯಾರೆಲ್" ಎಂದು ಖುಷಿಪಡಬೇಡಿ.

ಪುಸ್ತಕ

ಪ್ರತಿ ಬ್ಯಾಚಿಗೆ ಒಂದು ಪುಟ: ಕೇಸಿನ ಲಾಟ್ ಮತ್ತು ಹಾರಿದ ಸಲ, ಪ್ರೈಮರ್ ಲಾಟ್, ಮದ್ದಿನ ಲಾಟ್, ಚೆಕ್ ವೇಟ್ ಓದು, ಭುಜದ ಅಳತೆ, ಓಜೈವ್ ಅಳತೆ, ಹಾರಿಸಿದ ದಿನದ ತಾಪಮಾನ, ಪ್ರತಿ ಗುಂಡಿನ ವೇಗ. ಸರಾಸರಿ ಮಾತ್ರ ಬರೆದರೆ ಸಾಲದು. ಐವತ್ತರಲ್ಲಿ ಪ್ರತಿ ಹತ್ತನೆಯದನ್ನು ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತ ಹೋಗಿ. ಚುಕ್ಕಿಗಳು ಮೇಲೆ ಕೆಳಗೆ ಚದುರಿದ್ದರೆ ಅದು ಸಹಜ ಏರುಪೇರು, ಕೈ ಹಾಕಬೇಡಿ. ಒಂದೇ ದಿಕ್ಕಿಗೆ ಏರುತ್ತ ಹೋಗುತ್ತಿದ್ದರೆ ಡೈಯ ಲಾಕ್ ರಿಂಗ್ ಸಡಿಲಾಗಿದೆ ಅಥವಾ ಸ್ಟೆಮ್ಮಿನೊಳಗೆ ಕಸ ಕೂತಿದೆ. ಪ್ರತಿ ತೋಟಾಕ್ಕೂ ಡೈ ತಿರುಗಿಸುವ ಚಪಲ ಇದ್ದವರ ಬ್ಯಾಚಿನಲ್ಲಿ ಏರುಪೇರು ಇನ್ನೂ ಹೆಚ್ಚುತ್ತದೆ.

ಮದ್ದಿನ ಹೊಸ ಲಾಟ್ ತೆರೆದಾಗ ಹಳೆಯ ಅಳತೆಯನ್ನೇ ನೇರ ಮುಂದುವರಿಸಬೇಡಿ, ಕೆಳಗಿನಿಂದ ಮತ್ತೆ ಏರಿ ಬನ್ನಿ. ಡಬ್ಬಿಯ ಮುಚ್ಚಳ ಸಡಿಲಾಗಿ ಒಣಗಿದ ಮದ್ದು ಹೆಚ್ಚು ಬೇಗ ಉರಿಯುತ್ತದೆ, ಹಾಗಾಗಿ ಹಾಪರಿನಲ್ಲಿ ವಾರಗಟ್ಟಲೆ ಬಿಟ್ಟದ್ದು ಕೂಡ ಲಾಟ್ ಬದಲಾದಂತೆಯೇ. ಎನ್‌ಎಫ್‌ಪಿಎ 495 ಎಂಬ ಅಮೆರಿಕದ ಅಗ್ನಿಸುರಕ್ಷಾ ಸಂಹಿತೆಯ ಪ್ರಕಾರ ಮನೆಯಲ್ಲಿ ಮೂಲ ಡಬ್ಬಿಯಲ್ಲೇ 20 ಪೌಂಡ್‌ವರೆಗೆ ಹೊಗೆರಹಿತ ಮದ್ದು ಇಡಬಹುದು, ಅದಕ್ಕೆ ಮೀರಿದರೆ 50 ಪೌಂಡ್‌ವರೆಗೆ ಒಂದು ಇಂಚು ದಪ್ಪದ ಮರದ ಪೆಟ್ಟಿಗೆಯಲ್ಲಿ, ಪ್ರೈಮರ್ 10,000ದವರೆಗೆ. ಗಟ್ಟಿ ಲೋಹದ ಟ್ರಂಕಿನಲ್ಲಿ ಬಿಗಿಯಾಗಿ ಮುಚ್ಚಿಡುವುದು ಭದ್ರ ಎನಿಸಿದರೂ ಬೆಂಕಿ ಬಿದ್ದಾಗ ಅದೇ ಬಾಂಬು. ಪ್ರೈಮರ್‌ನಲ್ಲಿ ಸೀಸದ ಸಂಯುಕ್ತವಿದೆ, ಕೇಸು ಉಜ್ಜಿದ ಧೂಳಿನಲ್ಲೂ ಅದೇ ಇರುತ್ತದೆ. ಕೇಸು ಉಜ್ಜುವ ಒಣ ಟಂಬ್ಲರನ್ನು ಮನೆಯೊಳಗೆ ಓಡಿಸಬೇಡಿ, ಬೆಂಚಿನಿಂದ ಎದ್ದವರು ಕೈ ತೊಳೆಯದೆ ಅಡುಗೆಮನೆಗೆ ಕಾಲಿಡಬೇಡಿ.

ಅಳತೆ ತಪ್ಪಿದ ತೋಟಾಗಳಿಗೆ ಒಂದು ಕೆಂಪು ಮುಚ್ಚಳದ ಡಬ್ಬಿ ಇರಲಿ. ತಿಂಗಳಿಗೊಮ್ಮೆ ಕೂತು ಕಾಲೆಟ್ ಪುಲ್ಲರ್‌ನಿಂದ ಬುಲೆಟ್ಟು ಕಿತ್ತರೆ ಕೇಸು, ಬುಲೆಟ್ಟು ಎರಡೂ ಉಳಿಯುತ್ತವೆ. ಕಿತ್ತ ಮದ್ದು ಯಾವುದೆಂದು ಖಚಿತವಿಲ್ಲದಿದ್ದರೆ ಡಬ್ಬಿಗೆ ವಾಪಸ್ಸು ಹಾಕುವಂತಿಲ್ಲ.